ಅಪ್ಪ-ಅಮ್ಮನನ್ನು ಇಂಗ್ಲೆಂಡಿಗೆ ಕರೆಸುವ ಹಾಸನದವರಿಗೆ

ಕಾಫಿ ಕೊಯ್ಲು ಮುಗಿಯಿತು ಅಂದರೆ ಸಕಲೇಶಪುರ, ಬೇಲೂರು ಕಡೆಯ ಅಪ್ಪ-ಅಮ್ಮಂದಿರು ಮಕ್ಕಳ ಮನೆಗೆ ವಿಮಾನ ಹತ್ತುತ್ತಾರೆ. ವೀಸಾ, ಟಿಕೆಟ್ ವಿಷಯ ನಿಮಗೆ ಗೊತ್ತಿರುವುದೇ, ಬಿಡಿ. ಎಡವುವುದು ಆಸ್ಪತ್ರೆಯಲ್ಲಿ.

ಕೆಲಸದ ವೀಸಾದಲ್ಲಿದ್ದರೆ ನೀವು ಸಾಮಾನ್ಯವಾಗಿ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಬಳಸಲು ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಿರುತ್ತೀರಿ. ವಿಸಿಟರ್ ವೀಸಾದಲ್ಲಿ ಬಂದವರು ಕಟ್ಟಿರುವುದಿಲ್ಲ. ಆದರೂ ಅವರಿಗೆ ಜಿಪಿ (ಬಡಾವಣೆಯ ಸಾಮಾನ್ಯ ಡಾಕ್ಟರು) ಫ್ರೀ, ಎಮರ್ಜೆನ್ಸಿಯಲ್ಲಿ ನೋಡುವುದೂ ಫ್ರೀ. ಇಷ್ಟು ಕೇಳಿಕೊಂಡು ಎಲ್ಲರೂ ಆರಾಮಾಗಿ ಇದ್ದುಬಿಡುತ್ತಾರೆ. ಅಡ್ಮಿಟ್ ಆದರು ಅಂದರೆ ಮೀಟರ್ ಶುರು. ಅದೂ ಎನ್‌ಎಚ್‌ಎಸ್ ದರದ 150 ಪರ್ಸೆಂಟ್!

ಅರಸೀಕೆರೆಯ ಗೆಳೆಯನೊಬ್ಬನ ಅಪ್ಪನಿಗೆ ನ್ಯುಮೋನಿಯಾ ಆಯಿತು. ಇಡೀ ರಾತ್ರಿ ಕಾರಿಡಾರಿನ ಟ್ರಾಲಿ ಮೇಲೆ ಮಲಗಿದ್ದರು, ಕಾಲ ಹತ್ತಿರ ಮಗ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಬೆಳಿಗ್ಗೆ ವಾರ್ಡು, ಆಮೇಲೆ ಬಿಲ್ಲು. ಇನ್ಶೂರೆನ್ಸ್ ಇತ್ತು. ಪ್ರೀಮಿಯಂ ಜಾಸ್ತಿಯಾಗುತ್ತದೆ ಅಂತ ಏಜೆಂಟ್ ಫಾರಂನಲ್ಲಿ ಶುಗರ್, ಬಿಪಿ ಬರೆದಿರಲಿಲ್ಲ. ಕಂಪನಿ ಊರಿನ ಹಳೇ ಚೀಟಿಗಳನ್ನೆಲ್ಲ ತರಿಸಿಕೊಂಡು ಕ್ಲೇಮ್ ತಳ್ಳಿಹಾಕಿತು. ಬಿಲ್ಲು ಸುಮ್ನೆ ಇಟ್ಟುಕೊಂಡರೆ ಇನ್ನೂ ಕಷ್ಟ. 500 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಬಾಕಿ ಎರಡು ತಿಂಗಳು ದಾಟಿದರೆ ವೀಸಾ ನೋಡಿಕೊಳ್ಳುವ ಇಲಾಖೆಯಾದ ಹೋಮ್ ಆಫೀಸಿಗೆ ತಿಳಿಸುತ್ತಾರೆ. ಮುಂದಿನ ವೀಸಾಕ್ಕೆ ಅದೇ ಅಡ್ಡಿ.

ಟ್ರಾಲಿ ಯಾಕೆ ಅಂದರೆ ಬೆಡ್ ಇಲ್ಲ. ಚಿಕಿತ್ಸೆ ಮುಗಿದರೂ ಮನೆಗೆ ಕಳಿಸಲಾಗದವರು ಇಂಗ್ಲೆಂಡಿನಲ್ಲಿ ದಿನಕ್ಕೆ 10,000ಕ್ಕೂ ಹೆಚ್ಚು, ಬಹಳಷ್ಟು ಜನ ವಯಸ್ಸಾದವರು. ನೋಡಿಕೊಳ್ಳುವವರು ಸಿಗುವವರೆಗೆ ಅವರು ವಾರ್ಡಿನಲ್ಲೇ.

‘ದುಡ್ಡು ಕೊಡೋಣ, ಪ್ರೈವೇಟಿಗೆ ಹೋಗೋಣ’ ಅಂತೀರಾ? ಹಾಸನದ ಬಿ.ಎಂ. ರಸ್ತೆಯಲ್ಲಿ ಒಂದು ಕಡೆ ಬೆಡ್ ಇಲ್ಲದಿದ್ದರೆ ಆಟೋ ಇನ್ನೊಂದು ಕಡೆ ತಿರುಗಿಸುತ್ತೇವೆ, ಶಾಸಕರ ಕಡೆಯವರಿಗೆ ಒಂದು ಫೋನೂ ಮಾಡುತ್ತೇವೆ. ಇಲ್ಲಿ ಎರಡೂ ನಡೆಯಲ್ಲ. ಪ್ರೈವೇಟ್ ಬೆಳೆಯುತ್ತಿದೆ ನಿಜ. ಆದರೆ ಅದು ಮಂಡಿ, ಸೊಂಟ, ಕಣ್ಣಿನ ಪೊರೆಯಂಥ ಆಪರೇಷನ್‌ಗೆ, ಎನ್‌ಎಚ್‌ಎಸ್‌ನಲ್ಲಿ 70 ಲಕ್ಷ ದಾಟಿರುವ ಕ್ಯೂ ನೋಡಿ. ಬಹುತೇಕ ಕಡೆ ಎಮರ್ಜೆನ್ಸಿ ವಿಭಾಗವೇ ಇಲ್ಲ. ಅಲ್ಲಿ ಆಪರೇಷನ್ ಕೈಕೊಟ್ಟರೂ ಎಷ್ಟೋ ಸಲ ಎನ್‌ಎಚ್‌ಎಸ್‌ಗೇ ಸಾಗಿಸುತ್ತಾರೆ. ಲಾಭದ್ದು ಅವರಿಗೆ, ಕಷ್ಟದ್ದು ಸರ್ಕಾರಕ್ಕೆ! ಬೆಡ್ ಬೇಗ ಸಿಗುವುದರಲ್ಲಿ ನಮ್ಮೂರೇ ವಾಸಿ. ಉಸಿರು ಕಟ್ಟಿದವರನ್ನು ಅಡ್ವಾನ್ಸ್ ಕಟ್ಟಿ ಅಂತ ಕೌಂಟರಿನಲ್ಲಿ ನಿಲ್ಲಿಸದಿರುವುದರಲ್ಲಿ ಇಲ್ಲಿನವರು ವಾಸಿ.

ಅದಕ್ಕೇ ಬಿಲ್ಲಿಗೆ ಹೆದರಿ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ತುರ್ತು ಚಿಕಿತ್ಸೆಯನ್ನು ದುಡ್ಡಿಗಾಗಿ ತಡೆಯುವಂತಿಲ್ಲ, ಆಂಬುಲೆನ್ಸಿಗೆ 999ಕ್ಕೆ ಫೋನ್ ಮಾಡಿ. ಬಿಲ್ಲು ಬಂದರೆ ಎರಡು ತಿಂಗಳ ಒಳಗೇ ಕಂತು ಕೇಳಿ, ಲಿಖಿತವಾಗಿ ಪಡೆಯಿರಿ. ಇನ್ಶೂರೆನ್ಸ್ ಫಾರಂ ಮಾತ್ರ ಏಜೆಂಟ್ ಕೈಗೆ ಬಿಡಬೇಡಿ. ಅಮ್ಮನ ಮಾತ್ರೆ ಡಬ್ಬ ಎದುರಿಗಿಟ್ಟುಕೊಂಡು ನೀವೇ ತುಂಬಿ.