ಅಮೆರಿಕದ ಮದ್ಯ ನಿಷೇಧದ ಮೇಲೆ ಸೆಮಿನಾರ್ ಕೊಡಬೇಕಾ? ಗನ್ ಬಿಟ್ಟು ಲೆಕ್ಕದ ಬುಕ್ ಹಿಡಿಯಿರಿ

ಕಲಬುರಗಿಯಲ್ಲಿ ಡಿಗ್ರಿ ಓದುವ ಹುಡುಗರು ಸೆಮಿನಾರಿಗೆ ಈ ವಿಷಯ ಆರಿಸಿಕೊಂಡರೆ ಮೊದಲ ಸ್ಲೈಡಿನಲ್ಲಿ ಏನಿರುತ್ತದೆ ಅಂತ ಕಣ್ಣು ಮುಚ್ಚಿ ಹೇಳಬಹುದು. ಟೋಪಿ, ಸಿಗಾರ್, ಶಿಕಾಗೋದ ದಾರು ದಂಧೆಯ ಡಾನ್ ಅಲ್ ಕಪೋನ್. ನಾನೂ ಓದುವಾಗ ಅದನ್ನೇ ಮಾಡಿದ್ದೆ. ಹತ್ತು ನಿಮಿಷ ಬರೀ ಶಿಕಾಗೋ, ಗುಂಡು, ರಕ್ತ. ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಅಣ್ಣಾ, ಎಲ್ಲಾ ಖರೇ. ಆದ್ರ ಅಷ್ಟು ದಾರು ಎಲ್ಲಿಂದ ಬರ್ತಿತ್ತು? ರೊಕ್ಕ ಎಲ್ಲಿ ಇಡ್ತಿದ್ದ?" ನಾನು ಸೀಮೆಸುಣ್ಣ ಹಿಡಿದು ಸುಮ್ನೆ ನಿಂತೆ.

ಅವನ ಆ ಎರಡು ಪ್ರಶ್ನೆ ಇಟ್ಟುಕೊಂಡೇ ನಿಮ್ಮ ಸೆಮಿನಾರ್ ಕಟ್ಟಿ.

ತಾರೀಕುಗಳನ್ನು ಒಂದೇ ನಿಮಿಷದಲ್ಲಿ ಮುಗಿಸಿಬಿಡಿ. 1919ರ ಜನವರಿಯಲ್ಲಿ ಸಂವಿಧಾನದ 18ನೇ ತಿದ್ದುಪಡಿಗೆ ರಾಜ್ಯಗಳ ಒಪ್ಪಿಗೆ ಸಿಕ್ಕಿತು, 1920ರ ಜನವರಿ 17ರಿಂದ ಜಾರಿ, 1933ರ ಡಿಸೆಂಬರ್ 5ಕ್ಕೆ ರದ್ದು. ಜಾಸ್ತಿ ಜನ ಎಡವುವುದು ಇಲ್ಲೇ: ಕುಡಿಯೋದು ಅಪರಾಧ ಆಗಿರಲಿಲ್ಲ. ತಯಾರಿಸೋದು, ಮಾರೋದು, ಸಾಗಿಸೋದು ಅಪರಾಧ. ಕುಡಿಯುವವರು ಇದ್ದ ಹಾಗೇ ಇದ್ದರು, ಅಂಗಡಿ ಮಾತ್ರ ಮುಚ್ಚಿತು. ದಂಧೆಗೆ ಇನ್ನೇನು ಬೇಕು?

ಆಮೇಲೆ ಮಾಲಿನ ದಾರಿ. ಬೋರ್ಡ್ ಮೇಲೆ ಬೀದರ್ ಜಿಲ್ಲೆ ಬರೆಯಿರಿ, ಒಂದು ಕಡೆ ತೆಲಂಗಾಣ, ಇನ್ನೊಂದು ಕಡೆ ಮಹಾರಾಷ್ಟ್ರ. ಗಡಿ ದಾಟಿದರೆ ಕಾನೂನು ಬೇರೆ, ರೇಟು ಬೇರೆ ಅಂತ ಅಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಪಕ್ಕದಲ್ಲೇ ಅಮೆರಿಕದ ಡೆಟ್ರಾಯಿಟ್ ಊರು ಬರೆಯಿರಿ. ಎದುರಿಗೆ ಒಂದು ನದಿ, ಆಚೆ ದಡದಲ್ಲಿ ಕೆನಡಾದ ವಿಂಡ್ಸರ್. ನದಿಯಲ್ಲಿ ದೋಣಿ ಓಡುತ್ತಿದ್ದವು, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದರೆ ಅದರ ಮೇಲೆಯೇ ಕಾರು ಓಡಿಸಿ ವಿಸ್ಕಿ ತಂದರು. ಡಾಕ್ಟರ್ ಚೀಟಿ ತೋರಿಸಿದರೆ ಔಷಧಿ ಅಂಗಡಿಯಲ್ಲೂ ವಿಸ್ಕಿ ಸಿಗುತ್ತಿತ್ತು, ಅದೂ ಕಾನೂನು ಪ್ರಕಾರವೇ! ಇನ್ನು ಕಾರ್ಖಾನೆಗಳ ಸ್ಪಿರಿಟ್. ಕುಡಿಯಬಾರದು ಅಂತ ಸರ್ಕಾರವೇ ಅದಕ್ಕೆ ವಿಷ ಬೆರೆಸಿಸುತ್ತಿತ್ತು, ದಂಧೆಯವರು ಅದನ್ನೇ ಅರ್ಧಂಬರ್ಧ ಶುದ್ಧ ಮಾಡಿ ಮಾರುತ್ತಿದ್ದರು, ಕುಡಿದವರು ಸತ್ತರು. ನಮ್ಮ ಕಡೆ ಸೇಂದಿಗೆ ಮತ್ತೇರಿಸುವ ಸಿಎಚ್ (ಕ್ಲೋರಲ್ ಹೈಡ್ರೇಟ್) ಪೌಡರ್ ಬೆರೆಸಿದ ಸುದ್ದಿ ಓದಿದವರಿಗೆ ಇದು ಹೊಸದಲ್ಲ.

ಅರ್ಧ ಸಮಯ ರೊಕ್ಕಕ್ಕೆ ಇಟ್ಟುಕೊಳ್ಳಿ. ನಮ್ಮ ಗಂಜ್‌ನಲ್ಲಿ ಕಚ್ಚಾ ಚೀಟಿ, ಪಕ್ಕಾ ಬಿಲ್ ಅಂತಾರಲ್ವಾ, ಕಪೋನ್ ಹತ್ತಿರ ಪಕ್ಕಾ ಅನ್ನೋದೇ ಇರಲಿಲ್ಲ. ಅವನ ಹೆಸರಲ್ಲಿ ಬ್ಯಾಂಕ್ ಖಾತೆ ಇಲ್ಲ, ಎಲ್ಲಾ ನಗದು. ಆದರೆ ಕಚ್ಚಾ ಲೆಕ್ಕ ಯಾರಾದರೂ ಬರೆಯಲೇಬೇಕಲ್ಲ. 1926ರಲ್ಲಿ ಶಿಕಾಗೋ ಪಕ್ಕದ ಸಿಸರೋದಲ್ಲಿ ಒಂದು ಜೂಜಿನ ಅಡ್ಡೆ ಮೇಲೆ ದಾಳಿಯಾದಾಗ ಲೆಕ್ಕದ ಬುಕ್ಕುಗಳು ಸಿಕ್ಕಿದ್ದವು. ಯಾರೂ ತಿರುಗಿ ನೋಡದೆ ಅವು ವರ್ಷಗಟ್ಟಲೆ ಧೂಳು ತಿನ್ನುತ್ತಾ ಬಿದ್ದಿದ್ದವು. ತೆರಿಗೆ ಇಲಾಖೆಯ ಫ್ರಾಂಕ್ ವಿಲ್ಸನ್ ಅವನ್ನು ಹೊರಗೆ ತೆಗೆದ, ಅದರಲ್ಲಿನ ಕೈಬರಹ ಯಾರದ್ದು ಅಂತ ಕಂಡ ಕಂಡ ಕಾಗದಕ್ಕೆ ಹೋಲಿಸುತ್ತಾ ಹೋದ, ಕೊನೆಗೆ ಬ್ಯಾಂಕಿಗೆ ದುಡ್ಡು ಕಟ್ಟಿದ ಒಂದು ಚೀಟಿ ಮೇಲೆ ಅದೇ ಅಕ್ಷರ ಸಿಕ್ಕಿತು. ಬರೆದವನು ಲೆಸ್ಲಿ ಶಮ್ವೇ, ನಮ್ಮ ಭಾಷೆಯಲ್ಲಿ ಮುನೀಮ. ಮಿಯಾಮಿಯ ನಾಯಿ ಓಟದ ಮೈದಾನದಲ್ಲಿ ಕೆಲಸ ಮಾಡಿಕೊಂಡಿದ್ದ. ಅವನಿಂದಲೇ ಸಾಕ್ಷಿ ಹೇಳಿಸಿದರು. ಕಳ್ಳ ಆದಾಯಕ್ಕೂ ತೆರಿಗೆ ಕಟ್ಟಬೇಕು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1927ರಲ್ಲೇ ಹೇಳಿಯಾಗಿತ್ತು. 1931ರ ಅಕ್ಟೋಬರಿನಲ್ಲಿ ಕಪೋನ್‌ಗೆ 11 ವರ್ಷ ಜೈಲು, 50,000 ಡಾಲರ್ ದಂಡ. ಕೊಲೆಗಲ್ಲ, ದಾರುಗೂ ಅಲ್ಲ, ತೆರಿಗೆ ಕಟ್ಟದಿದ್ದಕ್ಕೆ. ಈ ಜಾಗದಲ್ಲಿ ಒಂದು ಬ್ಯಾಂಕ್ ಚಲನ್ ಎತ್ತಿ ತೋರಿಸಿ, ಮನೆಯಲ್ಲಿ ಹಳೇದು ಯಾವುದಾದರೂ ಇದ್ದೇ ಇರುತ್ತದೆ. ಪಿಸ್ತೂಲಿನ ಫೋಟೊಗಿಂತ ಇದು ಚೆನ್ನಾಗಿ ನೆನಪಿರುತ್ತದೆ.

ಸೇಂಟ್ ವ್ಯಾಲೆಂಟೈನ್ ದಿನದ ಹತ್ಯಾಕಾಂಡ ಬಿಡೋಕೆ ಮನಸ್ಸಾಗದಿದ್ದರೆ ಒಂದು ಸಾಲು ಸಾಕು: 1929, ಶಿಕಾಗೋ, ಗ್ಯಾಂಗ್ ಜಗಳ, 7 ಹೆಣ.

ನಮ್ಮ ಕಡೆಗೆ ಹೋಲಿಸುವಾಗ ಸ್ವಲ್ಪ ಹುಷಾರು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಬಂದ್ ಆದದ್ದು ಸಾರಾಯಿ ಮಾತ್ರ, ಬಾಟಲಿ ಅಂಗಡಿ ನಡೆಯುತ್ತಲೇ ಇದ್ದವು. ಎರಡೂ ಒಂದೇ ಅಂದರೆ ಎದುರಿಗೆ ಕೂತ ಮೇಡಂ ಬಿಡಲ್ಲ. ಓಣಿಯ ಹಿರಿಯರನ್ನು ಕೇಳಿ, ಆದರೆ ಯಾರು ಮಾರುತ್ತಿದ್ದರು ಅಂತ ಕೇಳಬೇಡಿ, ಹೆಸರು ಬರೆದುಕೊಳ್ಳಲೂಬೇಡಿ. ರೇಟು ಕೇಳಿ, ಮಾತು ತಾನೇ ಬರುತ್ತದೆ. ನಮ್ಮ ಓಣಿಯ ಆಯಿ ಒಬ್ಬರು ನನಗೆ ಹೇಳಿದ್ದು ಇಷ್ಟೇ: "ಪಾಕೀಟ್ ಬಂದ್ ಆದಮ್ಯಾಗ ನಮ್ಮ ಮನಿಯವ್ರು ಬಾಟ್ಲಿ ಹಿಡದ್ರು, ರೊಕ್ಕ ಡಬಲ್ ಹೋಗ್ಲಾಕತ್ತು."

ಇಂಥ ಸಾಲು ಸಿಕ್ಕರೆ ಕೊನೆಯ ಸ್ಲೈಡಿಗೆ ಇಡಬೇಡಿ. ಅಂಗಡಿ ಮುಚ್ಚಿತು ಅಂತ ಹೇಳಿದ ಮರುಕ್ಷಣವೇ ಓದಿ.