ಎತ್ತು ಬಾವಿಗೆ ಬಿದ್ದಿದೆಯಾ?

ಶನಿವಾರ ಸಂಜೆ ನಾಲ್ಕು ಗಂಟೆ ಅಂದರೆ ನಮ್ಮ ಮನೆಯಲ್ಲಿ ಪರೀಕ್ಷೆಯ ಕೊನೇ ಹತ್ತು ನಿಮಿಷ ಇದ್ದ ಹಾಗೆ. ಮಗಳು ಜಗಲಿಯಲ್ಲಿ ಕೂತು ಹಣ್ಣಿನಿಂದ ಗೇರುಬೀಜ ತಿರುಪಿ ತೆಗೆಯುತ್ತಿರುತ್ತಾಳೆ. ಮಗ ಹಟ್ಟಿಗೆ ತರಗೆಲೆ ಹೊರುತ್ತಿರುತ್ತಾನೆ. ನಾನು ಗ್ರೈಂಡರ್ ಮುಂದೆ ನಿಂತು, ಕೋಳಿ ಸಾರಿನ ಮಸಾಲೆಗೆ ಇನ್ನೂ ನೀರು ಬೇಕಾ ಅಂತ ಕೂಗಿ ಕೇಳುತ್ತೇನೆ. ಹೆಂಡತಿ ತೋಟದಲ್ಲಿ ನೀರಿನ ಮೂರನೇ ಲೈನಿನ ವಾಲ್ವ್ ತಿರುಗಿಸುತ್ತಾ ಅಲ್ಲಿಂದಲೇ ಉತ್ತರ ಕೂಗುತ್ತಾಳೆ. ಆರೂವರೆಗೆ ಎಲ್ಲ ನಿಲ್ಲಬೇಕು. ಆಮೇಲೆ ಸೋಮವಾರ ಬೆಳಗ್ಗೆವರೆಗೆ ಕತ್ತಿ, ಹಾರೆ, ಹುಲ್ಲು ತೆಗೆಯುವ ಮಿಷನ್ ಯಾವುದನ್ನೂ ಮುಟ್ಟುವ ಹಾಗಿಲ್ಲ.

ಇದು ಮೊದಲಿಂದ ಹೀಗಿರಲಿಲ್ಲ. ಹೇಗೆ ಹೀಗಾಯಿತು ಅಂತ ಬರೆಯುತ್ತೇನೆ.

ನಮ್ಮದು ಬಾಸೆಲ್ ಮಿಶನ್ ಕಾಲದ ಕ್ರೈಸ್ತ ಕುಟುಂಬ. ಮಿಶನರಿಗಳು ಮಂಗಳೂರಿನಲ್ಲಿ ಇಳಿದದ್ದು 1834ರಲ್ಲಿ. ಮನೆಯಲ್ಲಿ ತುಳು ಮಾತಾಡುತ್ತೇವೆ, ಚರ್ಚಿನಲ್ಲಿ ಕನ್ನಡ. ಶಾಂಭವಿ ಹೊಳೆಯ ಬದಿಯಲ್ಲಿ ಒಂದು ಎಕರೆ ಅಡಿಕೆ ತೋಟ, ಹಿಂದಿನ ಗುಡ್ಡೆಯಲ್ಲಿ ಅರುವತ್ತು ಗೇರು ಮರ, ಎರಡು ದನ, ಹಂಚಿನ ಮನೆ. ಬೆಂಗಳೂರಿನ ಕೆಲಸ ಬಿಟ್ಟು 2017ರಲ್ಲಿ ಊರಿಗೆ ಬಂದಾಗ, ಇನ್ನು ಮೇಲೆ ವಾರವಿಡೀ ಭಾನುವಾರವೇ ಅಂತ ಅಂದುಕೊಂಡಿದ್ದೆ. ಹಳ್ಳಿಯ ಬಗ್ಗೆ ಊರು ಬಿಟ್ಟವರಿಗೆ ಇರುವ ಭ್ರಮೆ ಅದು.

ಫೆಬ್ರವರಿ ಮುಗಿಯುವಾಗ ಭ್ರಮೆಯೂ ಮುಗಿಯಿತು. ವಸಂತ ಅಂದರೆ ಚಿಗುರು, ಕೋಗಿಲೆ ಅಂತೆಲ್ಲ ಪದ್ಯದಲ್ಲಿ ಓದಿದ್ದೆವು. ಕರಾವಳಿಯಲ್ಲಿ ಆಗಲೇ ಕೆಲಸದ ರಾಶಿ ಬೀಳುವುದು. ಗೇರುಹಣ್ಣು ದಿನಾ ಬೀಳುತ್ತದೆ. ಬೀಳುವುದನ್ನು ದಿನಾ ಹೆಕ್ಕದಿದ್ದರೆ ಮುಳ್ಳುಹಂದಿ, ಇಲಿ ಎಳೆದುಕೊಂಡು ಹೋಗುತ್ತವೆ. ಹೊಳೆಯ ನೀರು ಇಳಿಯುತ್ತದೆ, ಅಡಿಕೆಗೆ ಮೂರು ದಿನಕ್ಕೊಮ್ಮೆ ಸ್ಪ್ರಿಂಕ್ಲರ್ ಬಿಡಬೇಕು, ತ್ರೀ ಫೇಸ್ ಕರೆಂಟ್ ಬಂದಾಗ ಮಾತ್ರ. ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ. ಗುಜ್ಜೆ ಅಂದರೆ ಎಳೆ ಹಲಸು ಬರುತ್ತದೆ, ಮಾವಿನ ಮಿಡಿ ಬರುತ್ತದೆ, ಮಳೆಗೆ ಮುಂಚೆ ಮಾಡಿಗೆ ಹತ್ತಿ ಹಂಚು ಸರಿ ಮಾಡಬೇಕು, ಲಡ್ಡಾದ, ಅಂದರೆ ಕೊಳೆತ ರೀಪು ಬದಲಿಸಬೇಕು. ಹಲಸು, ಮಾವು, ಗೇರು ಮೂರೂ ಸೇರಿ ಅಂಗಳಕ್ಕೆ ಎಲೆ ಸುರಿಯುತ್ತವೆ. ಗುಡಿಸಿ ಹಿಂದೆ ತಿರುಗಿದರೆ ಮತ್ತೆ ಅಷ್ಟೇ ಎಲೆ.

ಮೊದಲ ಎರಡು ವರ್ಷ ಭಾನುವಾರ ಬೆಳಗ್ಗೆ ಚರ್ಚಿಗೆ ಹೋಗಿ, ಬಂದು, ಪ್ಯಾಂಟ್ ಬಿಚ್ಚಿ ಮುಂಡು ಸುತ್ತಿ ಗುಡ್ಡೆ ಹತ್ತುತ್ತಿದ್ದೆ. ತಪ್ಪು ಅಂತ ಅನಿಸುತ್ತಿರಲಿಲ್ಲ. ಆಫೀಸಿನ ಕೆಲಸ ಅಲ್ಲವಲ್ಲ, ನಮ್ಮದೇ ತೋಟ, ಮರದ ನೆರಳು. ಅದನ್ನೇ ವಿಶ್ರಾಂತಿ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಅಡಿ ತಪ್ಪಿಸಿದ್ದು ನಮ್ಮಲ್ಲಿ ಕೆಲಸಕ್ಕೆ ಬರುವ ಅಕ್ಕ. ಅವರಿಗೆ ಭಾನುವಾರ ರಜೆ ಅಂತ ಶುರುವಿನಲ್ಲೇ ಮಾತಾಗಿತ್ತು. ಆದರೂ ಪ್ರತಿ ಭಾನುವಾರ ಮಧ್ಯಾಹ್ನದ ಮೇಲೆ ಗುಡ್ಡೆಯಲ್ಲಿ ಬುಟ್ಟಿ ಹಿಡಿದುಕೊಂಡು ಹಾಜರು. ಸಂಬಳ ಕೊಟ್ಟರೆ ಒಮ್ಮೆ ತೆಗೆದುಕೊಳ್ಳುವುದು, ಒಮ್ಮೆ ಬೇಡ ಅನ್ನುವುದು. ಒಂದು ದಿನ ನಾನೇ ಕೇಳಿದೆ, “ಅಕ್ಕ, ನಿಮಗೆ ರಜೆ ಅಲ್ವಾ? ಯಾಕೆ ಬರುತ್ತೀರಿ?” ಅವರು ಬಗ್ಗಿದಲ್ಲಿಂದ ಏಳದೆ ಹೇಳಿದರು, “ನಿಮ್ಮ ತಲೆ ಗುಡ್ಡೆಯಲ್ಲಿ ಕಾಣುತ್ತದೆ ಅಣ್ಣ. ನೀವು ಒಬ್ಬರೇ ಹೆಕ್ಕುವಾಗ ನಾನು ಮನೆಯಲ್ಲಿ ಕೂರುವುದು ಹೇಗೆ?”

ಆ ರಾತ್ರಿ ಕುಟುಂಬ ಪ್ರಾರ್ಥನೆಗೆ ಬೈಬಲಿನ ಧರ್ಮೋಪದೇಶಕಾಂಡದ ಐದನೇ ಅಧ್ಯಾಯ ತೆಗೆದೆ. ಮಗ, ಮಗಳು, ಆಳು, ಎತ್ತು, ಕತ್ತೆ, ಮನೆಯಲ್ಲಿರುವ ಪರದೇಶಿ, ಎಲ್ಲರ ಹೆಸರು ಹೇಳಿ, ವಾರದಲ್ಲಿ ಒಂದು ದಿನ ನಿನ್ನ ಹಾಗೆ ಅವರೂ ವಿಶ್ರಮಿಸಬೇಕು ಅಂತ ಅಲ್ಲಿದೆ. ನಾನು ಕೂರದೆ ಅವರಿಗೆ ಕೂರಲು ಆಗುವುದಿಲ್ಲ ಅಂತ ಅಕ್ಕ ಹೇಳಿದ್ದೂ ಅದನ್ನೇ. ನಾನು ಗಂಭೀರವಾಗಿ ಓದಿ ಮುಗಿಸಿದೆ. ಹೆಂಡತಿ ತಣ್ಣಗೆ ಕೇಳಿದಳು, “ಪಟ್ಟಿಯಲ್ಲಿ ಕತ್ತೆ ಕೂಡ ಇದೆ. ಹೆಂಡತಿ ಎಲ್ಲಿ?”

ಮತ್ತೊಮ್ಮೆ ಓದಿದೆ. ಇಲ್ಲ. ಹೆಂಡತಿ ಇಲ್ಲ.

ಇದಕ್ಕೆ ಪಂಡಿತರು ಏನು ಹೇಳುತ್ತಾರೋ, ನನಗೆ ಮಾತ್ರ ಅಮ್ಮನ ನೆನಪಾಯಿತು. ಅಪ್ಪ ಭಾನುವಾರದ ವಿಷಯದಲ್ಲಿ ಭಾರೀ ಕಟ್ಟುನಿಟ್ಟು. ಕತ್ತರಿಯನ್ನೂ ಮುಟ್ಟುತ್ತಿರಲಿಲ್ಲ, ನಮ್ಮನ್ನು ಮರ ಹತ್ತಲೂ ಬಿಡುತ್ತಿರಲಿಲ್ಲ. ಆರಾಮ ಕುರ್ಚಿಯಲ್ಲಿ ಕಾಲು ಚಾಚಿ ಕೂತಿರುತ್ತಿದ್ದರು. ಅಮ್ಮ ಮಾತ್ರ ಚರ್ಚಿನಿಂದ ಬಂದವರು ಸೀರೆಯನ್ನೂ ಬದಲಿಸದೆ ಸೌದೆ ಒಲೆಯ ಮುಂದೆ ಕೂತರೆ ಏಳುವಾಗ ಎರಡೂವರೆ ಗಂಟೆ. ಕೋಳಿ, ಪಲ್ಯ, ಪಾಯಸ, ಮೇಲೆ ನೆಂಟರು. ವಾರದಲ್ಲಿ ಅವರಿಗೆ ಅತಿ ಹೆಚ್ಚು ಕೆಲಸ ಇದ್ದದ್ದೇ ಅವತ್ತು. ನಮಗೆ ಯಾರಿಗೂ ಅದು ಕೆಲಸ ಅಂತ ಕಂಡಿರಲಿಲ್ಲ.

ಹಾಗಾಗಿ ಅಡುಗೆಮನೆಯಿಂದಲೇ ಶುರು ಮಾಡಿದೆವು. ಕೋಳಿ ಸಾರು ಶನಿವಾರವೇ ಆಗಬೇಕು. ಮಸಾಲೆ ಹಿಡಿದು ಮರುದಿನಕ್ಕೆ ರುಚಿ ಜಾಸ್ತಿಯೇ ಆಗುತ್ತದೆ. ರೊಟ್ಟಿ ಅಂಗಡಿಯಿಂದ ತಂದ ಪೊಟ್ಟಣದ್ದು. ಬಿಸಿ ಸಾರು ಹಾಕಿದರೆ ಆಯಿತು, ಕೋರಿ ರೊಟ್ಟಿ ಸಿದ್ಧ. ರಾತ್ರಿಗೆ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ, ಚಟ್ನಿ. ತಟ್ಟೆ ತೊಳೆಯುವುದು ತಿಂದವರದ್ದೇ ಕೆಲಸ. ಭಾನುವಾರ ಬರುವ ನೆಂಟರಿಗೂ ಇದೇ ಊಟ. ಮೊದಮೊದಲು ಮುಜುಗರ ಆಗುತ್ತಿತ್ತು. ಈಗ ದೊಡ್ಡಮ್ಮ ಬರುವಾಗ ರೊಟ್ಟಿ ಪೊಟ್ಟಣ ಅವರೇ ಹಿಡಿದುಕೊಂಡು ಬರುತ್ತಾರೆ.

ನೀರಿನದ್ದು ಸ್ವಲ್ಪ ತಲೆನೋವು. ಮೊದಲು ಆಟೋ ಸ್ಟಾರ್ಟರ್ ಹಾಕಿಸಿದೆ. ಕರೆಂಟ್ ಬಂದಾಗ ಪಂಪು ತಾನೇ ಓಡುತ್ತದೆ, ನಾನು ಆರಾಮ ಅಂತ ಲೆಕ್ಕ. ಎಲ್ಲಿ ಆರಾಮ? ಚರ್ಚಿನಲ್ಲಿ ಪ್ರಸಂಗ ಕೇಳುತ್ತಾ ಕೂತರೆ ತಲೆಯೊಳಗೆ, ಫುಟ್‌ವಾಲ್ವ್‌ಗೆ ಕಸ ಸಿಕ್ಕಿತೋ, ಪೈಪು ಬಿಟ್ಟಿತೋ. ಕೊನೆಗೆ ಕಾಗದ ಪೆನ್ಸಿಲ್ ಹಿಡಿದೆ. ತೋಟದಲ್ಲಿ ನಾಲ್ಕು ಲೈನ್ ಇತ್ತು. ಅದನ್ನು ಮೂರು ಮಾಡಿದೆ. ಒಂದನೇ ಲೈನು ಸೋಮವಾರ, ಗುರುವಾರ. ಎರಡನೆಯದು ಮಂಗಳವಾರ, ಶುಕ್ರವಾರ. ಮೂರನೆಯದು ಬುಧವಾರ, ಶನಿವಾರ. ಭಾನುವಾರ ಪಂಪಿಗೂ ರಜೆ. ಪ್ರತಿ ಲೈನಿಗೂ ವಾರದಲ್ಲಿ ಒಮ್ಮೆ ನಾಲ್ಕು ದಿನದ ಅಂತರ ಬೀಳುತ್ತದೆ. ಬುಡಕ್ಕೆ ದಪ್ಪ ತರಗೆಲೆ ಹಾಸಿದರೆ ಅಡಿಕೆ ಮರ ಅದನ್ನು ತಡೆದುಕೊಳ್ಳುತ್ತದೆ. ಬಸಳೆ, ಅಲಸಂಡೆಗೆ ಶನಿವಾರ ಸಂಜೆ ಎರಡು ಪಾಲು ನೀರು. ಅರಣ್ಯದಲ್ಲಿ ಇಸ್ರಾಯೇಲ್ಯರು ಆರನೇ ದಿನ, ದೇವರು ಕೊಟ್ಟ ಆಹಾರವಾದ ಮನ್ನವನ್ನು ಎರಡು ಪಾಲು ಕೂಡಿಸಿಟ್ಟ ಹಾಗೆ ಅಂತ ಮಗಳ ವಿವರಣೆ. ಮಲ್ಲಿಗೆ ಹಾಕಿ ಅಂತ ಸುಮಾರು ಜನ ಹೇಳಿದರು, ಒಳ್ಳೆ ದುಡ್ಡು ಅಂತ. ಹಾಕಲಿಲ್ಲ. ಮೊಗ್ಗು ಸೋಮವಾರದವರೆಗೆ ಕಾಯುವುದಿಲ್ಲ.

ದನದ ವಿಷಯದಲ್ಲಿ ಚರ್ಚೆಯೇ ಇಲ್ಲ. ಹಾಲು ಕರೆಯಲೇಬೇಕು, ನೀರು ಕೊಡಲೇಬೇಕು. ನೀರು ಕುಡಿಸುವುದನ್ನು ಯೇಸುವೇ ಒಪ್ಪಿದ್ದಾನೆ. ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ: ನಿಮ್ಮ ಮಗನೋ ಎತ್ತೋ ಸಬ್ಬತ್ ದಿನ, ಅಂದರೆ ವಿಶ್ರಾಂತಿಯ ದಿನ, ಬಾವಿಗೆ ಬಿದ್ದರೆ ಕೂಡಲೇ ಎತ್ತುವುದಿಲ್ಲವೇ ಅಂತ. ಅದನ್ನು ಮಕ್ಕಳು ಕಾನೂನಾಗಿ ಹಿಡಿದುಕೊಂಡರು. ಭಾನುವಾರ ನಾನು ಚಪ್ಪಲಿ ಮೆಟ್ಟಿ ತೋಟದ ಕಡೆ ಹೊರಟರೆ ಸಾಕು, ಒಳಗಿನಿಂದ ಸ್ವರ ಬರುತ್ತದೆ, “ಅಪ್ಪಾ, ಎತ್ತು ಬಾವಿಗೆ ಬಿದ್ದಿದೆಯಾ?” ಏಪ್ರಿಲ್‌ನಲ್ಲಿ ಒಂದು ಭಾನುವಾರ ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಗುಡುಗು. ಅಂಗಳದ ತುಂಬಾ ಅಡಿಕೆ. “ಬಿತ್ತು, ಬಿತ್ತು!” ಅಂತ ಮಗ ಕೂಗಿದ. ನಾಲ್ಕೂ ಜನ ಓಡಿ ಟರ್ಪಾಲು ಎಳೆದೆವು.

ಆದರೆ ಎತ್ತನ್ನು ನಾವೇ ಬಾವಿಗೆ ತಳ್ಳಿದ್ದೂ ಇದೆ. 2019ರ ಮಾರ್ಚ್. ಈ ಕ್ರಮ ಶುರು ಮಾಡಿ ನಾಲ್ಕೈದು ವಾರ ಆಗಿತ್ತು. ಭಾನುವಾರಕ್ಕೆ ಅಂಗಳ ಚೊಕ್ಕ ಇರಬೇಕು ಅಂತ ಹಟ. ಶನಿವಾರ ಸಂಜೆ ಐದು ಗಂಟೆಗೆ, ಗುಡ್ಡೆಯ ಬುಡದಲ್ಲಿ ತರಗೆಲೆ ಮಣ್ಣು ಪದರ ಪದರ ಒಟ್ಟಿ ಸುಡುಮಣ್ಣಿಗೆ ಬೆಂಕಿ ಕೊಟ್ಟೆ. ತರಕಾರಿಗೆ ಒಳ್ಳೆಯದು, ಅಜ್ಜನ ಕಾಲದಿಂದ ಮಾಡಿಕೊಂಡು ಬಂದದ್ದೇ. ಆದರೆ ಅಜ್ಜ ಗಡಿಬಿಡಿಯಲ್ಲಿ ಮಾಡುತ್ತಿರಲಿಲ್ಲ. ಮೇಲೆ ಮಣ್ಣು ಸಾಕಷ್ಟು ಹಾಕಿರಲಿಲ್ಲ ನಾನು. ಸುತ್ತ ಹುಲ್ಲು ಕೆತ್ತಿರಲೂ ಇಲ್ಲ. ಸಮುದ್ರದ ಕಡೆಯ ಗಾಳಿ ಆ ಹೊತ್ತಿಗೆ ಜೋರು. ಒಂದು ಹಲಸಿನ ಎಲೆ, ಅಂಚಿನಲ್ಲಿ ಕೆಂಪು ಗೆರೆ, ನಿಧಾನಕ್ಕೆ ಎದ್ದು ಗೇರು ಮರದ ಬುಡಕ್ಕೆ ಹೋಗಿ ಕೂತದ್ದನ್ನು ಕಣ್ಣಾರೆ ನೋಡಿದೆ. ಅಲ್ಲಿ ಮೊಣಕಾಲುದ್ದ ಒಣ ಹುಲ್ಲು. ಅಕ್ಕಪಕ್ಕದ ಮನೆಯವರೆಲ್ಲ ಹಸಿ ಸೊಪ್ಪಿನ ಗೆಲ್ಲು ಹಿಡಿದು ಬಡಿದು ಬಡಿದು ಆರಿಸುವಾಗ ಎಂಟು ಗಂಟೆ. ಏಳು ಮರ ಕರಟಿದವು. ಮರುದಿನ ಚರ್ಚಿಗೂ ಹೋಗಲಿಲ್ಲ. ಎಲ್ಲಿ ಮತ್ತೆ ಹೊಗೆ ಏಳುತ್ತದೋ ಅಂತ ಕೊಡಪಾನ ಹಿಡಿದು ಗುಡ್ಡೆಯಲ್ಲೇ ಕೂತಿದ್ದೆ. ವಿಶ್ರಾಂತಿಗಾಗಿ ಅವಸರ ಮಾಡಿದ್ದಕ್ಕೆ ಸಿಕ್ಕ ವಿಶ್ರಾಂತಿ ಅದು.

ಈಗ ಸುಡುಮಣ್ಣು ಮಾಡುವುದಿದ್ದರೆ ಸೋಮವಾರ ಬೆಳಗ್ಗೆ, ಗಾಳಿ ಏಳುವ ಮೊದಲು, ಸುತ್ತ ಎರಡು ಮಾರು ಕೆತ್ತಿ, ಪೈಪು ಎಳೆದಿಟ್ಟುಕೊಂಡು. ಉಳಿದ ಎಲೆಯೆಲ್ಲ ಹಟ್ಟಿಗೆ, ಇಲ್ಲವೇ ಅಡಿಕೆ ಬುಡಕ್ಕೆ. ಎಲೆ ಗುಡಿಸಲೂ ಬೆಳಗ್ಗೆಯೇ ಸರಿ. ಇಬ್ಬನಿಗೆ ಎಲೆ ಮೆತ್ತಗಿರುತ್ತದೆ, ಹಿಡಿಸೂಡಿಗೆ ಒಂದೇ ಸಲಕ್ಕೆ ಬರುತ್ತದೆ, ಹೆಡಿಗೆಯಲ್ಲಿ ಒತ್ತಿ ತುಂಬಬಹುದು. ಮಧ್ಯಾಹ್ನ ಅದೇ ಎಲೆ ಮುರಿದು ಪುಡಿಯಾಗಿ ಹಾರುತ್ತದೆ. ಮತ್ತೆ, ಭಾನುವಾರ ಅಂಗಳದಲ್ಲಿ ಎಲೆ ಬಿದ್ದಿರಲಿ ಅಂತ ಬಿಟ್ಟೆ. ಇದು ಹೇಳುವಷ್ಟು ಸುಲಭ ಅಲ್ಲ. ಮೊದಲ ಒಂದು ತಿಂಗಳು ಆ ಎಲೆಗಳನ್ನು ನೋಡಿದರೆ ಕೈ ತುರಿಸುತ್ತಿತ್ತು.

ಹಾಗಾದರೆ ದಿನವಿಡೀ ಏನು ಮಾಡುತ್ತೀರಿ ಅಂತ ಕೇಳುತ್ತಾರೆ. ನಿಜ ಹೇಳಬೇಕೆಂದರೆ ವಿಶೇಷ ಏನೂ ಇಲ್ಲ. ಊಟ ಆದ ಮೇಲೆ ಚಾಪೆ ಹಾಸಿ ನಿದ್ದೆ. ನಾಲ್ಕು ಗಂಟೆಗೆ ಹೊಳೆಯ ಕಟ್ಟದ ಹತ್ತಿರ ಹೋಗಿ ಕಾಲು ಇಳಿಬಿಟ್ಟು ಕೂರುತ್ತೇವೆ. ಆ ಹೊತ್ತಿಗೆ ನೀರು ಬೆಚ್ಚಗಿರುತ್ತದೆ, ಸಣ್ಣ ಮೀನು ಬಂದು ಕಾಲ ಬೆರಳು ಕಚ್ಚುತ್ತವೆ. ಮಕ್ಕಳು ಜಗಳ ಮಾಡುತ್ತಾರೆ. ಮೊಬೈಲ್ ನೋಡುವುದಿಲ್ಲ ಅಂತ ಒಂದು ನಿಯಮ ಮಾಡಿದ್ದೆವು, ಅದು ಮೂರು ವಾರ ನಡೆಯಿತು.

ಈಸ್ಟರ್ ಬರುವುದು ಈ ಎಲ್ಲ ಗಡಿಬಿಡಿಯ ನಡುವೆಯೇ. 2024ರಲ್ಲಿ ಮಾರ್ಚ್ 31ಕ್ಕೆ ಬಂತು, 2025ರಲ್ಲಿ ಏಪ್ರಿಲ್ 20ಕ್ಕೆ. ಹುಣ್ಣಿಮೆ ಆದ ಮೇಲಿನ ಭಾನುವಾರ ಅಂತ ಅದರ ಲೆಕ್ಕ. ಇದರಿಂದ ರೈತನಿಗೊಂದು ಲಾಭ ಇದೆ. ಆ ವಾರ ರಾತ್ರಿ ಕರೆಂಟ್ ಬಂದರೂ ಟಾರ್ಚ್ ಬೇಡ, ತೋಟದಲ್ಲಿ ಒಂದಿಷ್ಟು ಹೊತ್ತಾದರೂ ಬೆಳದಿಂಗಳು ಇರುತ್ತದೆ. ಶುಭ ಶುಕ್ರವಾರದ ಮುಂಚೆ ಸ್ಮಶಾನಕ್ಕೆ ಹೋಗಿ ಅಪ್ಪ ಅಮ್ಮನ ಸಮಾಧಿಯ ಸುತ್ತ ಹುಲ್ಲು ಕೆತ್ತಿ ಬರುತ್ತೇವೆ. ಈಸ್ಟರ್ ದಿನ ಬೆಳಕು ಹರಿಯುವ ಮುಂಚೆ ಅಲ್ಲೇ ಆರಾಧನೆ. ಹೋದ ವರ್ಷ ಅಲ್ಲಿ ನಿಂತಾಗ ಕೈ ನೋಡಿಕೊಂಡೆ. ಗೇರುಹಣ್ಣಿನ ಸೊನೆ ತಾಗಿ ಬೆರಳ ತುದಿಯೆಲ್ಲ ಕಪ್ಪು. ಸಾಬೂನಿಗೂ ಹೋಗುವುದಿಲ್ಲ ಅದು. ಪಕ್ಕದಲ್ಲಿ ನಿಂತವರ ಕೈಯೂ ಹಾಗೇ ಇತ್ತು.

ಉಳಿದದ್ದು ಗೇರುಬೀಜ. ಅದಕ್ಕೆ ವಾರ ತಿಥಿ ಗೊತ್ತಿಲ್ಲ, ಭಾನುವಾರವೂ ಬೀಳುತ್ತದೆ. ಸುಗ್ಗಿಯ ಹೊತ್ತಿಗೆ ದಿನಕ್ಕೆ ಏಳೆಂಟು ಕೆಜಿ. ಕೆಜಿಗೆ ನೂರರ ಮೇಲೆ ಬೆಲೆ, ಎಂಟು ಭಾನುವಾರಕ್ಕೆ ಲೆಕ್ಕ ಹಾಕಿದರೆ ಆರು ಸಾವಿರ ದಾಟುತ್ತದೆ. ಉಳುವ ಕಾಲದಲ್ಲೂ ಕೊಯ್ಲಿನ ಕಾಲದಲ್ಲೂ ವಿಶ್ರಮಿಸಬೇಕು ಅಂತ ವಿಮೋಚನಕಾಂಡದಲ್ಲಿ ಬರೆದವರಿಗೆ ರೈತನ ಮನಸ್ಸು ಚೆನ್ನಾಗಿ ಗೊತ್ತಿತ್ತು. ಎರಡು ವರ್ಷ ಹೊಟ್ಟೆಯುರಿ ಪಟ್ಟೆ. ಆಮೇಲೆ ಹೆಂಡತಿ ಯಾಜಕಕಾಂಡ ತೋರಿಸಿದಳು, ಕೊಯ್ಲಿನಲ್ಲಿ ಉದುರಿದ್ದನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಅನ್ನುವ ಮಾತು. ಹೀಗಾಗಿ ಭಾನುವಾರ ಬೆಳಗಿನಿಂದ ಕತ್ತಲಾಗುವವರೆಗೆ ಬಿದ್ದ ಬೀಜ ಅಕ್ಕಪಕ್ಕದ ಮಕ್ಕಳಿಗೆ ಅಂತ ಸಾರಿಬಿಟ್ಟೆವು. ಅಕ್ಕನ ಮೊಮ್ಮಗನೂ ಸೇರಿ ಐದು ಜನ ಬರುತ್ತಾರೆ, ಕೋಲಿನ ತುದಿಗೆ ಮೊಳೆ ಹೊಡೆದುಕೊಂಡು. ಬಗ್ಗದೆ ಚುಚ್ಚಿ ಎತ್ತುವ ಉಪಾಯ ಅದು, ನನಗೆ ಹೊಳೆದಿರಲಿಲ್ಲ. ಬಿಸು ಹಬ್ಬಕ್ಕೆ ಅದೇ ದುಡ್ಡಲ್ಲಿ ಕ್ರಿಕೆಟ್ ಬ್ಯಾಟು ಬಂತು.

ಈ ವರ್ಷ ಆ ಮೊಮ್ಮಗ ಬುಟ್ಟಿ ತುಂಬಿಸಿಕೊಂಡು ಜಗಲಿಗೆ ಬಂದ. ಸ್ವಲ್ಪ ಹೊತ್ತು ನಿಂತ. ಆಮೇಲೆ ಕೇಳಿದ, “ಅಂಕಲ್, ಭಾನುವಾರ ರಾತ್ರಿ ಬಿದ್ದದ್ದು ಯಾರಿಗೆ?”

ನಾನು ಹೆಂಡತಿಯ ಮುಖ ನೋಡಿದೆ. ಅವಳು, ನೋಡಿ ಹೇಳುತ್ತೇವೆ ಮಗಾ ಅಂದಳು. ಅದಿನ್ನೂ ತೀರ್ಮಾನ ಆಗಿಲ್ಲ.