ಯಾರಿಗೆ ಯಾವ ಸ್ಪರ್ಧೆ: ಮೂರು ವಾರದ ಪರೀಕ್ಷೆ ಕೊನೆಗೂ ಫಲ ಕೊಟ್ಟಿತು

"ಎಲ್ಲದಕ್ಕೂ ಹೆಸರು ಕೊಡಿಸಿ, ಯಾವುದಾದರೂ ಒಂದು ಕೈಹಿಡಿಯುತ್ತೆ" ಅನ್ನುವ ಮಾತು ನಂಬಿ, ಶಾಲಾ ಮಕ್ಕಳನ್ನು ವಿಜ್ಞಾನ, ಗಣಿತ ಸ್ಪರ್ಧೆಗಳಿಗೆ ತಯಾರು ಮಾಡುವ ನಾನು ಎರಡು ವರ್ಷ ಕೈಸುಟ್ಟುಕೊಂಡೆ. ಗಣಿತ, ಪ್ರೋಗ್ರಾಮಿಂಗ್, ರೋಬಾಟ್ ಮೂರಕ್ಕೂ ಅದೇ ಮಕ್ಕಳು. ಮೂರರಲ್ಲೂ ಮೊದಲ ಸುತ್ತಿಗೇ ಮುಗಿಯಿತು. ಈಗ ಮೂರು ವಾರ ಪರೀಕ್ಷಿಸಿ ಒಂದನ್ನೇ ಹಿಡಿಸುತ್ತೇನೆ. ಆಗದು ಎಂದವರ ಎದುರೇ ಕಳೆದ ಸಲ ಹತ್ತರಲ್ಲಿ ಏಳೆಂಟು ಮಂದಿ ಎರಡನೇ ಸುತ್ತು ಮುಟ್ಟಿದರು.

ಐಎಂಒದಲ್ಲಿ (ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್) ದಿನಕ್ಕೆ ನಾಲ್ಕೂವರೆ ಗಂಟೆ, ಮೂರು ಲೆಕ್ಕ. ಹಾಗಾಗಿ ಹಳೇ ಲೆಕ್ಕ ಒಂದು ಕೊಟ್ಟು 90 ನಿಮಿಷ ಬಿಡುತ್ತೇನೆ. ಉತ್ತರ ನೋಡುವುದಿಲ್ಲ, ಚಿತ್ತು ಹಾಳೆ ನೋಡುತ್ತೇನೆ. ನಲವತ್ತನೇ ನಿಮಿಷದಲ್ಲೂ ಬಿಡದೆ n = 1, 2, 3 ಎಂದು ಸಣ್ಣ ಸಂಖ್ಯೆ ಹಾಕಿ ನೋಡುತ್ತಿದ್ದರೆ ಆ ಮಗುವಿಗೆ ಗಣಿತ ಸರಿ. ಐಒಐ (ಪ್ರೋಗ್ರಾಮಿಂಗ್‌ನ ಅಂತಾರಾಷ್ಟ್ರೀಯ ಒಲಿಂಪಿಯಾಡ್) ಬೇರೆಯೇ ಜಾತಿ: ದಿನಕ್ಕೆ ಐದು ಗಂಟೆ, ಮೂರು ಸಮಸ್ಯೆ, ತಲಾ 100 ಅಂಕ, ಅದೂ ಉಪಭಾಗಗಳಾಗಿ ಒಡೆದದ್ದು. ಗಣಿತದಲ್ಲಿ ಗಟ್ಟಿಯಾದವರೇ ಇಲ್ಲಿ ಎಡವುತ್ತಾರೆ. ಪೂರ್ತಿ ಪರಿಹಾರಕ್ಕೇ ಕಾದು ಸೊನ್ನೆ ತರುತ್ತಾರೆ. ಒರಟು ಕೋಡ್ ಬರೆದು ಮೊದಲು 20-30 ಅಂಕ ಎತ್ತಿಡುವ ಹುಡುಗಿ ಮುಂದೆ ಹೋಗುತ್ತಾಳೆ. ಯಾವ ಸಮಸ್ಯೆ ಕೊಡುತ್ತೇನೆ ಅನ್ನುವುದು ನನ್ನಲ್ಲೇ ಇರಲಿ.

ಭೌತಶಾಸ್ತ್ರಕ್ಕೆ ದಾರ, ಗುಂಡು, ಗಡಿಯಾರ ಸಾಕು. ಐದು ಉದ್ದಗಳಿಗೆ ತಲಾ 20 ಆಂದೋಲನ ಎಣಿಸಿ, T² (ಒಂದು ಆಂದೋಲನದ ಕಾಲದ ವರ್ಗ) ಮತ್ತು L (ಉದ್ದ) ನಡುವೆ ಗ್ರಾಫ್. ಗುಂಡಿನ ನಡುವಿನವರೆಗೆ ಅಳೆಯದೆ ಮೇಲ್ತುದಿಗೇ ಅಳೆದರೆ ಗೆರೆ ಮೂಲಬಿಂದುವಿನಲ್ಲಿ ಹಾಯುವುದಿಲ್ಲ, ಆದರೆ ಇಳಿಜಾರಿನಿಂದ g (ಗುರುತ್ವ ವೇಗೋತ್ಕರ್ಷ) ಸರಿಯಾಗೇ ಸಿಗುತ್ತದೆ. ಗೆರೆಯನ್ನು ಬಲವಂತವಾಗಿ ಸೊನ್ನೆಗೆ ಎಳೆದವರನ್ನು ಬಿಟ್ಟುಬಿಡಿ, ಗೆರೆ ಸೊನ್ನೆಗೆ ಯಾಕೆ ಬರಲಿಲ್ಲ ಎಂದು ಕೇಳಿದವರನ್ನು ಹಿಡಿದುಕೊಳ್ಳಿ. ಐಪಿಎಚ್‌ಒದ (ಅಂತಾರಾಷ್ಟ್ರೀಯ ಭೌತಶಾಸ್ತ್ರ ಒಲಿಂಪಿಯಾಡ್) 50 ಅಂಕಗಳಲ್ಲಿ 20 ಪ್ರಯೋಗಕ್ಕೇ ಇವೆ.

ದುಡ್ಡು ನುಂಗುವುದು ರೋಬಾಟ್. ಕಿಟ್ಟಿನದು ಅರ್ಧ ಖರ್ಚು ಅಷ್ಟೇ. ಮಿಕ್ಕಿದ್ದು ಸವೆದ ಸರ್ವೋ (ಕೋನ ಹಿಡಿದು ತಿರುಗುವ ಸಣ್ಣ ಮೋಟಾರು) ಗೇರು, ಬ್ಯಾಟರಿ, ಪ್ರಯಾಣ. ಎಫ್‌ಟಿಸಿ (ಫಸ್ಟ್ ಟೆಕ್ ಚಾಲೆಂಜ್) ಎಂಬ ರೋಬಾಟ್ ಸ್ಪರ್ಧೆಯ ಪಂದ್ಯದಲ್ಲಿ ಮೊದಲ 30 ಸೆಕೆಂಡ್ ಯಂತ್ರ ತಾನೇ ಓಡಬೇಕು. ಇಷ್ಟು ಸೆಕೆಂಡ್ ಓಡು ಎಂದು ಬರೆದ ಕೋಡ್, ಬ್ಯಾಟರಿ ಇಳಿದಾಗ ಗುರಿ ಮುಟ್ಟುವ ಮೊದಲೇ ನಿಲ್ಲುತ್ತದೆ. ಎನ್‌ಕೋಡರ್ (ಚಕ್ರ ಎಷ್ಟು ತಿರುಗಿತು ಎಂದು ಅಳೆಯುವ ಸಾಧನ) ಎಣಿಕೆಗೆ ಬದಲಿಸಿದ ಮೇಲೆಯೇ ನಮ್ಮದು ನೆಟ್ಟಗಾಯಿತು.

ಐಸೆಫ್ (ಮಕ್ಕಳ ಸಂಶೋಧನೆಗಳ ಅಂತಾರಾಷ್ಟ್ರೀಯ ವಿಜ್ಞಾನ ಮೇಳ) ಮಾದರಿಯ ಮೇಳ ಆರಿಸುವುದಾದರೆ, ಮನುಷ್ಯರ ಮೇಲಿನ ಸಮೀಕ್ಷೆಗೆ ಅನುಮತಿ ಮೊದಲು, ಪ್ರಶ್ನಾವಳಿ ಆಮೇಲೆ. ಹಿಂದುಮುಂದಾಗಿ ನಮ್ಮ ನಾಲ್ಕು ತಿಂಗಳ ಕೆಲಸ ಪೂರ್ತಿ ಅನರ್ಹವಾಯಿತು.